ಮಧುಮೇಹ ತಂತ್ರಜ್ಞಾನ, ವೆಬ್ ಸುಗಮ್ಯತೆ: ಎರಡನ್ನೂ ಸೇರಿಸಿ ಪಿಎಚ್‌ಡಿ ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು?

ಬಿಂದುರೇಖೆ (ಪ್ರಶ್ನೆ)

ಕಂಪ್ಯೂಟರ್ ಸೈನ್ಸ್ ಎಂಟೆಕ್ ಮುಗಿಯುತ್ತಾ ಬಂತು, ಪಿಎಚ್‌ಡಿ ಪ್ರಸ್ತಾವ ಬರೆಯಬೇಕು. ತಲೆಯಲ್ಲಿರುವುದು ಎರಡು ವಿಷಯ. ಒಂದು, ಸಿಜಿಎಂ (ಚರ್ಮದಡಿಯಲ್ಲಿದ್ದು ಸದಾ ಗ್ಲೂಕೋಸ್ ಅಳೆಯುವ) ಸೆನ್ಸರ್ ಡೇಟಾದಿಂದ ಮುಂದಿನ 30–60 ನಿಮಿಷದ ಗ್ಲೂಕೋಸ್ ಮಟ್ಟವನ್ನು ಅಂದಾಜು ಮಾಡುವುದು. ಇನ್ನೊಂದು, ಅದೇ ಡೇಟಾವನ್ನು ಕಣ್ಣು ಮಂದವಾದವರು, ಪೂರ್ತಿ ಕಾಣದವರು ಬ್ರೌಸರ್‌ನಲ್ಲಿ ತಾವೇ ಓದಿಕೊಳ್ಳುವಂತೆ ಮಾಡುವುದು. "ಒಂದು ಮೆಷೀನ್ ಲರ್ನಿಂಗ್, ಇನ್ನೊಂದು ಎಚ್‌ಸಿಐ (ಮನುಷ್ಯ–ಕಂಪ್ಯೂಟರ್ ಒಡನಾಟದ ಅಧ್ಯಯನ), ಯಾವುದಾದರೂ ಒಂದನ್ನು ಹಿಡಿ" ಎಂಬ ಸಲಹೆ ಬಂದಿದೆ.

ತಿಳಿಯಬೇಕಾದ್ದು ಇಷ್ಟು. ಎರಡೂ ಸೇರುವ ಕಡೆ ನಿಜವಾದ ಸಂಶೋಧನೆಗೆ ಜಾಗ ಇದೆಯೇ? ಡೇಟಾ ಎಲ್ಲಿ ಸಿಗುತ್ತದೆ, ಅದರಲ್ಲಿ ಏನೇನು ಕೆಡುತ್ತದೆ? ಗ್ಲೂಕೋಸ್ ಗ್ರಾಫನ್ನು ಪರದೆಯ ಪಠ್ಯ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಓದಿಸುವ ಸರಿಯಾದ ಕ್ರಮ ಯಾವುದು? ಕನ್ನಡದಲ್ಲಿ ಬಳಕೆದಾರರ ಪರೀಕ್ಷೆ ಮಾಡಬೇಕೆಂದರೆ ಏನು ತಯಾರಿ ಬೇಕು?

---

ಸಕ್ಕರೆಲೆಕ್ಕ

ಡೇಟಾದ ಮಾತು ಮೊದಲು. ಹೊಸಬರು ಎಡವುವುದು ಅಲ್ಲೇ.

ಎಲ್ಲರೂ ಬಳಸುವುದು ಓಹಾಯೋ ಟಿ1ಡಿಎಂ ಎಂಬ ಡೇಟಾ. ಟೈಪ್ 1 ಮಧುಮೇಹ ಇರುವ 12 ಜನರ ತಲಾ ಎಂಟು ವಾರದ ದಾಖಲೆ. ಆರು ಜನರದ್ದು 2018ರಲ್ಲಿ, ಮಿಕ್ಕ ಆರು ಜನರದ್ದು 2020ರಲ್ಲಿ ಹೊರಬಂತು. ಪ್ರತಿಯೊಬ್ಬರಿಗೂ ಎರಡು ಎಕ್ಸ್‌ಎಂಎಲ್ ಕಡತ: ಒಂದು ತರಬೇತಿಗೆ, ಇನ್ನೊಂದು ಕೊನೆಯ ಹತ್ತು ದಿನದ ಪರೀಕ್ಷೆಗೆ. ಐದು ನಿಮಿಷಕ್ಕೊಂದು ಗ್ಲೂಕೋಸ್ ಅಂಕಿ, ಬೇಸಲ್ (ದಿನವಿಡೀ ಹೋಗುವ ಇನ್ಸುಲಿನ್), ಬೋಲಸ್ (ಊಟದ ಹೊತ್ತಿಗೆ ಒಮ್ಮೆಗೇ ಕೊಡುವ ಇನ್ಸುಲಿನ್), ತಾವೇ ಬರೆದುಕೊಂಡ ಊಟದ ಕಾರ್ಬ್ (ಕಾರ್ಬೋಹೈಡ್ರೇಟ್), ನಿದ್ದೆ, ವ್ಯಾಯಾಮ ಎಲ್ಲ ಇದೆ. ನಿಮ್ಮ ಸಂಸ್ಥೆಯ ಅಧಿಕೃತ ಸಹಿ ಇರುವ ಒಪ್ಪಂದಪತ್ರ ಕಳಿಸಿದರೆ ಮಾತ್ರ ಸಿಗುತ್ತದೆ, ಆದ್ದರಿಂದ ಈಗಲೇ ಅರ್ಜಿ ಹಾಕಿ. ಗುರುತು ಮರೆಸಲು ತಾರೀಖುಗಳನ್ನು ಮುಂದಕ್ಕೆ ಸರಿಸಿದ್ದಾರೆ; ವಾರದ ದಿನ, ಗಂಟೆ ಮಾತ್ರ ಹಾಗೇ ಉಳಿದಿವೆ. ಹಬ್ಬ, ರಜೆ, ಋತು ಎಂದು ಲಕ್ಷಣ ಹೆಣೆಯಲು ಹೋಗಬೇಡಿ, ಅರ್ಥವಿಲ್ಲ.

ಅಂದಾಜಿನಲ್ಲಿ ಪದೇ ಪದೇ ಕಾಣುವ ತಪ್ಪುಗಳು:

ಕಿಟಕಿಗಳನ್ನು (ಸತತ ಅಂಕಿಗಳ ತುಣುಕುಗಳನ್ನು) ಕಲಸಿ ತರಬೇತಿ–ಪರೀಕ್ಷೆ ಭಾಗ ಮಾಡುವುದು. ಅಕ್ಕಪಕ್ಕದ ಎರಡು ಕಿಟಕಿಗಳಲ್ಲಿ ಬಹುಪಾಲು ಅದೇ ಅಂಕಿಗಳಿರುತ್ತವೆ, ಉತ್ತರ ಮೊದಲೇ ಸೋರಿಹೋಗುತ್ತದೆ. ಕಾಲಕ್ರಮದಲ್ಲೇ ಕತ್ತರಿಸಬೇಕು.

ಖಾಲಿ ಜಾಗವನ್ನು ಎರಡೂ ತುದಿ ನೋಡಿ ರೇಖೆ ಎಳೆದು ತುಂಬುವುದು. ತರಬೇತಿಯಲ್ಲಿ ಹೇಗೋ ನಡೆಯುತ್ತದೆ. ಪರೀಕ್ಷೆಯಲ್ಲಿ ಹಾಗೆ ತುಂಬಿದರೆ ಇನ್ನೂ ಬಾರದ ಅಂಕಿಯನ್ನು ಮಾದರಿಗೆ ತೋರಿಸಿದ ಹಾಗಾಯಿತು. ಪರೀಕ್ಷೆಯಲ್ಲಿ ಹಿಂದಿನ ಅಂಕಿಗಳಿಂದ ಮಾತ್ರ ಮುಂದುವರಿಸಿ.

"ಈಗಿನ ಅಂಕಿಯೇ 30 ನಿಮಿಷದ ನಂತರವೂ ಇರುತ್ತದೆ" ಎಂಬ ಮೊದ್ದು ಮಾದರಿಯ ಜೊತೆ ಹೋಲಿಸದೆ ಇರುವುದು. ಅದನ್ನು ಎಷ್ಟರಮಟ್ಟಿಗೆ ಮೀರಿಸಿದಿರಿ ಎನ್ನುವುದೇ ಮೊದಲ ಲೆಕ್ಕ.

ಇನ್ನು ಆರ್‌ಎಂಎಸ್‌ಇ, ಅಂದರೆ ಅಂದಾಜು ಒಟ್ಟಾರೆ ಎಷ್ಟು ತಪ್ಪಿತು ಎಂಬ ಅಳತೆ. 2018 ಮತ್ತು 2020ರಲ್ಲಿ ಇದೇ ಡೇಟಾ ಮೇಲೆ ಸ್ಪರ್ಧೆ ನಡೆದಿತ್ತು. 2020ರಲ್ಲಿ 30 ನಿಮಿಷದ ಅಂದಾಜಿಗೆ ಮುಂಚೂಣಿಯವರು ನಿಂತದ್ದು ಸುಮಾರು 18–20 ಎಂಜಿ/ಡಿಎಲ್ ಆಸುಪಾಸು. ಆಮೇಲೆ ಬಂದ ಲೇಖನಗಳಲ್ಲಿ ಬಹಳಷ್ಟು ದಶಾಂಶದ ಎರಡನೇ ಸ್ಥಾನಕ್ಕೆ ಗುದ್ದಾಡುತ್ತವೆ. ಇಂದಿನ ಒಳ್ಳೆಯ ಸೆನ್ಸರ್‌ಗಳೇ ರಕ್ತದ ಅಳತೆಗಿಂತ ಸರಾಸರಿ 8–10 ಶೇಕಡಾ ಆಚೀಚೆ ಇರುತ್ತವೆ. ಸೆನ್ಸರ್ ಇರುವುದು ಚರ್ಮದಡಿಯ ದ್ರವದಲ್ಲಿ. ರಕ್ತದಲ್ಲಿ ಆದ ಬದಲಾವಣೆ ಅಲ್ಲಿ ಕಾಣಲು ಕೆಲವು ನಿಮಿಷ ಬೇಕು. ಮಾದರಿ ಕಲಿಯುತ್ತಿರುವುದು ಸೆನ್ಸರನ್ನು, ರಕ್ತವನ್ನಲ್ಲ.

ಇನ್ನೂ ಕೆಟ್ಟದ್ದೇನೆಂದರೆ, 70ಕ್ಕಿಂತ ಕೆಳಗಿನ ಅಂಕಿಗಳು ತೀರಾ ಕಡಿಮೆ. 2019ರ ಅಂತರರಾಷ್ಟ್ರೀಯ ಒಮ್ಮತದ ಗುರಿಯೇ ಅದು 4 ಶೇಕಡಾಕ್ಕಿಂತ ಕಡಿಮೆ ಇರಬೇಕು, 54ಕ್ಕಿಂತ ಕೆಳಗೆ 1 ಶೇಕಡಾಕ್ಕಿಂತ ಕಡಿಮೆ ಇರಬೇಕು ಎಂದು. ಹಾಗಾಗಿ ಹೈಪೋವನ್ನು (ಗ್ಲೂಕೋಸ್ ತೀರಾ ಇಳಿಯುವುದನ್ನು) ಒಮ್ಮೆಯೂ ಹಿಡಿಯದ ಮಾದರಿಗೂ ಚೆಂದದ ಆರ್‌ಎಂಎಸ್‌ಇ ಬರುತ್ತದೆ. ವರದಿ ಮಾಡಬೇಕಾದ್ದು: ಎಷ್ಟು ಹೈಪೋ ಘಟನೆಗಳನ್ನು ಹಿಡಿಯಿತು, ಎಷ್ಟು ನಿಮಿಷ ಮೊದಲು ಹೇಳಿತು, ದಿನಕ್ಕೆ ಎಷ್ಟು ಸುಳ್ಳು ಅಲಾರಂ. ಸತತ 15 ನಿಮಿಷ 70ಕ್ಕಿಂತ ಕೆಳಗಿದ್ದರೆ ಒಂದು ಘಟನೆ ಎಂದು ಎಣಿಸಿ. ಜೊತೆಗೆ ಕ್ಲಾರ್ಕ್ ಅಥವಾ ಪಾರ್ಕ್ಸ್ ಎರರ್ ಗ್ರಿಡ್, ಅಂದರೆ ತಪ್ಪು ಎಷ್ಟು ಅಪಾಯಕಾರಿ ಎಂದು ವಿಂಗಡಿಸುವ ಚೌಕಟ್ಟು.

ಕಡಿಮೆ ಅಂಕಿಗೆ ಹೆಚ್ಚು ತೂಕ ಕೊಡಬೇಕೆಂದರೆ ಕೊವಾಚೆವ್ ಅವರ ಪರಿವರ್ತನೆ ಇದೆ: ಎಂಜಿ/ಡಿಎಲ್ ಅಂಕಿಯ ನ್ಯಾಚುರಲ್ ಲಾಗ್ ತೆಗೆದು, ಅದನ್ನು 1.084ರ ಘಾತಕ್ಕೇರಿಸಿ, 5.381 ಕಳೆದು, 1.509ರಿಂದ ಗುಣಿಸಿ. ಬಂದದ್ದರ ವರ್ಗವನ್ನು ಹತ್ತರಿಂದ ಗುಣಿಸಿದರೆ ಅಪಾಯದ ಅಂಕ. 112ರ ಆಸುಪಾಸಿನಲ್ಲಿ ಸೊನ್ನೆ, ಅಲ್ಲಿಂದ ಎರಡೂ ಕಡೆ ಏರುತ್ತದೆ, ಕೆಳಗಡೆ ಬೇಗ ಏರುತ್ತದೆ.

ಬೇರೆ ಮೂಲದ ಕಡತ ತಂದರೆ ನೋಡಿಕೊಳ್ಳಬೇಕಾದ್ದು: ಡೆಕ್ಸ್‌ಕಾಮ್ ಸೆನ್ಸರಿನ ರಫ್ತಿನಲ್ಲಿ 40ಕ್ಕಿಂತ ಕೆಳಗೆ, 400ಕ್ಕಿಂತ ಮೇಲೆ ಅಂಕಿಯ ಬದಲು "ಲೋ", "ಹೈ" ಎಂಬ ಪದ ಇರುತ್ತದೆ. ಪಾಂಡಾಸ್‌ನಲ್ಲಿ (ಪೈಥಾನಿನ ಡೇಟಾ ಸಾಧನ) ಅಂಕಿ ಅಲ್ಲದ್ದನ್ನೆಲ್ಲ ಖಾಲಿ ಮಾಡಿಬಿಟ್ಟರೆ ಅತಿ ಅಪಾಯದ ಕ್ಷಣಗಳೇ ಮಾಯ. ಲಿಬ್ರೆ ಸೆನ್ಸರಿನ ರಫ್ತಿನಲ್ಲಿ 15 ನಿಮಿಷಕ್ಕೊಂದು ಇತಿಹಾಸದ ಅಂಕಿ, ಕೈಯಾರೆ ಸ್ಕ್ಯಾನ್ ಮಾಡಿದ ಅಂಕಿ ಬೇರೆ ಬೇರೆ ಕಾಲಂನಲ್ಲಿ ಬರುತ್ತವೆ. ಎರಡನ್ನೂ ಒಂದೇ ಸಾಲಾಗಿ ಬೆರೆಸಬೇಡಿ. ರಾತ್ರಿ ಸೆನ್ಸರ್ ಮೇಲೆ ಮಲಗಿದಾಗ ಒತ್ತಡಕ್ಕೆ ಅಂಕಿ ದಿಢೀರ್ ಇಳಿದು ಮಗ್ಗುಲು ಬದಲಿಸಿದಾಗ ದಿಢೀರ್ ಏರುತ್ತದೆ. ಅದು ಹೈಪೋ ಅಲ್ಲ, ಆದರೆ ಲೇಬಲ್ ಮಾಡುವವರು ಹೈಪೋ ಎಂದೇ ಎಣಿಸಿರುತ್ತಾರೆ.

---

ಟ್ಯಾಬ್‌ಇಂಡೆಕ್ಸ್

ಮೇಲಿನ ಉತ್ತರ ಪೂರ್ತಿ ಒಪ್ಪಿಗೆ, ಮತ್ತು ಅದೇ ಕಾರಣಕ್ಕೆ ನನ್ನ ಸಲಹೆ: ಅಂದಾಜಿನ ಮಾದರಿಯನ್ನು ಪ್ರಬಂಧದ ಒಂದು ಅಧ್ಯಾಯ ಮಾಡಿ, ಬೆನ್ನೆಲುಬು ಮಾಡಬೇಡಿ. ಅಲ್ಲಿ ಜನ ಕಿಕ್ಕಿರಿದಿದ್ದಾರೆ. ಮಾದರಿ ಹೇಳಿದ್ದು ಕಾಣದವರ ಕಿವಿಗೆ ಹೇಗೆ, ಎಷ್ಟು ಹೊತ್ತಿನಲ್ಲಿ ತಲುಪುತ್ತದೆ ಎಂಬ ಕಡೆ ಜನ ಕಡಿಮೆ. ಎರಡು ವಿಷಯ ಅಂತ ಯಾರು ಹೇಳಿದರೂ, ಸಕ್ಕರೆ ಕಾಯಿಲೆ ಕಣ್ಣಿನ ರೆಟಿನಾಕ್ಕೇ ಏಟು ಕೊಡುವ ಕಾಯಿಲೆ. ಈ ಉಪಕರಣದ ಬಳಕೆದಾರರಲ್ಲಿ ದೃಷ್ಟಿ ಕುಂದುವವರು ಇದ್ದೇ ಇರುತ್ತಾರೆ ಎಂದು ಮೊದಲೇ ಗೊತ್ತಿದ್ದೂ ಬರೀ ಬಣ್ಣದ ಚುಕ್ಕೆಗಳ ಗ್ರಾಫ್ ಕೊಡುತ್ತಿದ್ದಾರೆ.

ಎರಡು ವಿಷಯ ಮೊದಲೇ ತಲೆಯಲ್ಲಿರಲಿ. ಬ್ರೈಲ್ ಕೊಟ್ಟರೆ ಆಯಿತು ಎನ್ನುವಂತಿಲ್ಲ: ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು ಬ್ರೈಲ್ ಕಲಿತಿರುವುದು ಅಪರೂಪ, ನರಗಳ ತೊಂದರೆಯಿಂದ ಬೆರಳ ತುದಿಯ ಸ್ಪರ್ಶವೂ ಮಂದವಾಗಿರಬಹುದು. ಎರಡನೆಯದು, ಪೂರ್ತಿ ಕಾಣದವರಿಗಿಂತ ಮಂದದೃಷ್ಟಿಯವರು ಹೆಚ್ಚು, ಮತ್ತು ದೃಷ್ಟಿ ದಿನದಿಂದ ದಿನಕ್ಕೆ ಏರುಪೇರಾಗುತ್ತದೆ. ಸ್ಕ್ರೀನ್ ರೀಡರ್ ಒಂದನ್ನೇ ನೆಚ್ಚಿ ವಿನ್ಯಾಸ ಮಾಡಿದರೆ ಅರ್ಧ ಜನರನ್ನು ಬಿಟ್ಟಂತೆ. 400 ಶೇಕಡಾ ಹಿಗ್ಗಿಸಿದಾಗ ಪುಟ 320 ಸಿಎಸ್‌ಎಸ್ ಪಿಕ್ಸೆಲ್ ಅಗಲದಲ್ಲಿ ಮಡಚಿಕೊಳ್ಳಬೇಕು, ಅಡ್ಡಕ್ಕೆ ಸರಿಸುವಂತಾಗಬಾರದು.

ಬಣ್ಣ. ಹಳದಿ ಚುಕ್ಕೆ ಬಿಳಿ ಹಿನ್ನೆಲೆಯ ಮೇಲೆ ಕೊಡುವ ಕಾಂಟ್ರಾಸ್ಟ್ ಬರೀ 1.07:1. ವೆಬ್ ಸುಗಮ್ಯತೆಯ ಮಾನಕ ಡಬ್ಲ್ಯುಸಿಎಜಿ ಕೇಳುವುದು ಗ್ರಾಫಿನ ಭಾಗಗಳಿಗೆ 3:1, ಸಾಮಾನ್ಯ ಅಕ್ಷರಕ್ಕೆ 4.5:1. ಶುದ್ಧ ಕೆಂಪು ಬಿಳಿಯ ಮೇಲೆ ಸುಮಾರು 4:1, ಅಂದರೆ ಚುಕ್ಕೆಗೆ ಸಾಕು, ಅಂಕಿಗೆ ಸಾಲದು. ಕೆಂಪು–ಹಸಿರು ಕುರುಡಿಗೆಂದು ನೀಲಿ–ಹಳದಿ ಪ್ಯಾಲೆಟ್ ಹಾಕಿಬಿಡುವುದು ರೂಢಿ. ರೆಟಿನಾದ ಕಾಯಿಲೆಯಲ್ಲಿ ಮೊದಲು ಕೆಡುವುದು ಹೆಚ್ಚಾಗಿ ನೀಲಿ–ಹಳದಿ ಭೇದವೇ. ಆದ್ದರಿಂದ ಬಣ್ಣದ ಜೊತೆ ಆಕಾರವೂ ಬದಲಾಗಲಿ: 70ರ ಕೆಳಗೆ ಕೆಳಮುಖ ತ್ರಿಕೋನ, 180ರ ಮೇಲೆ ಮೇಲ್ಮುಖ ತ್ರಿಕೋನ, ನಡುವೆ ವೃತ್ತ. ಗುರಿಯ ಪಟ್ಟಿಯ ಅಂಚಿಗೆ ದಪ್ಪ ಗೆರೆ.

ಈಗ ಗ್ರಾಫ್. ಪ್ರಯೋಗಕ್ಕೆ ನೈಟ್‌ಸ್ಕೌಟ್ ಅನುಕೂಲ. ಸಿಜಿಎಂ ಅಂಕಿಗಳನ್ನು ಬ್ರೌಸರ್‌ನಲ್ಲಿ ತೋರಿಸುವ ಮುಕ್ತ ತಂತ್ರಾಂಶ, ನೋಡ್ ಮತ್ತು ಮಾಂಗೊಡಿಬಿ ಮೇಲೆ ಓಡುತ್ತದೆ, ಗ್ರಾಫ್ ಡಿ3 ಲೈಬ್ರರಿಯಿಂದ ಬರೆದ ಎಸ್‌ವಿಜಿ (ವೆಕ್ಟರ್ ಚಿತ್ರ). ಪ್ರತಿ ದಾಖಲೆಯಲ್ಲಿ ಗ್ಲೂಕೋಸ್ ಅಂಕಿ, ಮಿಲಿಸೆಕೆಂಡಿನಲ್ಲಿ ಸಮಯ, ಬಾಣದ ದಿಕ್ಕಿನ ಹೆಸರು ಇರುತ್ತದೆ. ದಿನಕ್ಕೆ 288 ದಾಖಲೆ. ಇದನ್ನು ನಾಲ್ಕು ಪದರದಲ್ಲಿ ಕೊಡಿ.

ಮೇಲ್ಗಡೆ ಈಗಿನ ಸ್ಥಿತಿ, ಒಂದೇ ವಾಕ್ಯ: "142, ನಿಧಾನವಾಗಿ ಏರುತ್ತಿದೆ, 3 ನಿಮಿಷದ ಹಿಂದಿನದು". ಬಾಣದ ಚಿಹ್ನೆಯನ್ನು ಸ್ಕ್ರೀನ್ ರೀಡರ್‌ನಿಂದ ಮರೆಮಾಡಿ. ಕೆಲವು ಅದನ್ನು ಓದುವುದೇ ಇಲ್ಲ, ಕೆಲವು ಚಿಹ್ನೆಯ ಯುನಿಕೋಡ್ ಹೆಸರು ಹೇಳುತ್ತವೆ. ಬಾಣದ ಅರ್ಥವೂ ಕಂಪನಿಯಿಂದ ಕಂಪನಿಗೆ ಬೇರೆ. ಡೆಕ್ಸ್‌ಕಾಮ್‌ನಲ್ಲಿ ನೇರ ಮೇಲ್ಬಾಣ ಎಂದರೆ ನಿಮಿಷಕ್ಕೆ 2–3 ಎಂಜಿ/ಡಿಎಲ್, ಅದಕ್ಕೂ ಮೀರಿದರೆ ಎರಡು ಬಾಣ. ಲಿಬ್ರೆಯಲ್ಲಿ 2 ದಾಟಿದ್ದಕ್ಕೆಲ್ಲ ಒಂದೇ ನೇರ ಬಾಣ. ಪದದ ಜೊತೆ ದರವನ್ನೂ ಹೇಳಿದರೆ ಗೊಂದಲ ಇಲ್ಲ.

ಈ ವಾಕ್ಯ ಇರುವ ಲೈವ್ ರೀಜನ್ (ಪಠ್ಯ ಬದಲಾದಾಗ ಸ್ಕ್ರೀನ್ ರೀಡರ್ ತಾನಾಗಿ ಓದುವ ಜಾಗ) ಪುಟ ತೆರೆದಾಗಲೇ ಖಾಲಿಯಾಗಿ ಇರಬೇಕು, ಆಮೇಲೆ ಒಳಗಿನ ಪಠ್ಯ ಮಾತ್ರ ಬದಲಾಗಬೇಕು. ಪ್ರತಿ ಸಲ ಡಬ್ಬಿಯನ್ನೇ ಕಿತ್ತು ಹೊಸದು ಹಾಕಿದರೆ ಎನ್‌ವಿಡಿಎ (ವಿಂಡೋಸ್‌ನ ಒಂದು ಸ್ಕ್ರೀನ್ ರೀಡರ್) ಒಮ್ಮೆ ಹೇಳುತ್ತದೆ, ಒಮ್ಮೆ ಸುಮ್ಮನಿರುತ್ತದೆ. ಸಾಮಾನ್ಯ ಅಂಕಿಗೆ "ಪೊಲೈಟ್" (ಓದುತ್ತಿದ್ದುದು ಮುಗಿದ ಮೇಲೆ ಹೇಳುವುದು), 54ಕ್ಕಿಂತ ಕೆಳಗಾದರೆ ಮಾತ್ರ "ಅಸರ್ಟಿವ್" (ನಡುವೆಯೇ ತಡೆದು ಹೇಳುವುದು). ಐದೈದು ನಿಮಿಷಕ್ಕೂ ಅಸರ್ಟಿವ್ ಕೂಗಿಸಿದರೆ ಬಳಕೆದಾರರು ಬೇರೇನೂ ಓದಲಾಗದೆ ಟ್ಯಾಬ್ ಮುಚ್ಚುತ್ತಾರೆ. ಪಟ್ಟಿ ದಾಟಿದಾಗ ಅಥವಾ 15–20 ಎಂಜಿ ಬದಲಾದಾಗ ಮಾತ್ರ ಹೇಳಿಸುವುದು ಒಳ್ಳೆಯ ಆರಂಭ. ನಿಖರ ಮಿತಿ ಎಷ್ಟಿರಬೇಕು ಎಂಬುದೇ ಒಂದು ಸಂಶೋಧನಾ ಪ್ರಶ್ನೆ.

ಎರಡನೇ ಪದರ ಸಾರಾಂಶದ ಎರಡು-ಮೂರು ವಾಕ್ಯ. ಲುಂಡ್ಗಾರ್ಡ್ ಮತ್ತು ಸತ್ಯನಾರಾಯಣ್ ಗ್ರಾಫ್ ವಿವರಣೆಯನ್ನು ನಾಲ್ಕು ಹಂತ ಮಾಡಿದ್ದಾರೆ: ಗ್ರಾಫಿನ ರಚನೆ, ಅಂಕಿಅಂಶ, ಕಣ್ಣಿಗೆ ಕಾಣುವ ಒಲವು, ಕ್ಷೇತ್ರಜ್ಞಾನದ ವ್ಯಾಖ್ಯಾನ. ಯಂತ್ರದಿಂದ ಬರೆಸುವಾಗ ಎರಡು ಮತ್ತು ಮೂರನೇ ಹಂತಕ್ಕೆ ನಿಲ್ಲಿಸಿ. "ರಾತ್ರಿ 2:10ರಿಂದ 2:45ರವರೆಗೆ 70ಕ್ಕಿಂತ ಕೆಳಗೆ, ಅತಿ ಕಡಿಮೆ 58" ಸಾಕು. "ರಾತ್ರಿ ಊಟ ಕಡಿಮೆಯಾಗಿತ್ತು" ಎಂದು ಊಹೆ ಸೇರಿಸಿದರೆ ನಂಬಿ ಇನ್ಸುಲಿನ್ ಬದಲಿಸುವವರಿದ್ದಾರೆ.

ಮೂರನೆಯದು ಗಂಟೆಗೊಂದು ಸಾಲಿನ ಕೋಷ್ಟಕ, 24 ಸಾಲು: ಕನಿಷ್ಠ, ಮಧ್ಯಕ, ಗರಿಷ್ಠ, 70ರ ಕೆಳಗಿನ ನಿಮಿಷ. 288 ಸಾಲಿನ ಕೋಷ್ಟಕ ನಿಯಮಕ್ಕೆ ಸರಿಹೋಗಬಹುದು, ಓದುವವರಿಲ್ಲ.

ನಾಲ್ಕನೆಯದು ಗ್ರಾಫಿನೊಳಗೆ ಕೀಬೋರ್ಡ್ ಓಡಾಟ. 288 ಚುಕ್ಕೆಗೂ ಟ್ಯಾಬ್ ನಿಲ್ದಾಣ ಕೊಡಬೇಡಿ. ಇಡೀ ಗ್ರಾಫ್‌ಗೆ ಒಂದೇ ನಿಲ್ದಾಣ. ಎಡ–ಬಲ ಬಾಣಕ್ಕೆ ಐದು ನಿಮಿಷ, ಪೇಜ್ ಅಪ್–ಡೌನ್‌ಗೆ ಒಂದು ಗಂಟೆ, ಹೋಮ್–ಎಂಡ್‌ಗೆ ದಿನದ ತುದಿಗಳು, ಮುಂದಿನ ಹೈಪೋಗೆ ಹಾರಲು ಬೇರೆ ಬಟನ್. ಬರೀ ಡಿವ್‌ಗೆ ಕೀ ಹಿಡಿಯುವ ಸ್ಕ್ರಿಪ್ಟ್ ಹಾಕಿದರೆ ಎನ್‌ವಿಡಿಎ ತನ್ನ ಬ್ರೌಸ್ (ಪುಟ ಓದುವ) ಮೋಡ್‌ನಲ್ಲಿ ಬಾಣದ ಕೀಗಳನ್ನು ತಾನೇ ನುಂಗುತ್ತದೆ, ನಿಮ್ಮ ಸ್ಕ್ರಿಪ್ಟ್‌ಗೆ ತಲುಪುವುದೇ ಇಲ್ಲ. ಸ್ಲೈಡರ್ ರೋಲ್ ಕೊಟ್ಟು ವ್ಯಾಲ್ಯೂಟೆಕ್ಸ್ಟ್‌ನಲ್ಲಿ (ಅಂಕಿಯ ಬದಲು ಓದಿಸುವ ಪಠ್ಯ) "ಬೆಳಿಗ್ಗೆ 8:35, 142, ಸ್ಥಿರ" ಎಂದು ತುಂಬಿದರೆ ಕೀಗಳನ್ನು ಪುಟಕ್ಕೇ ಬಿಡುವ ಫೋಕಸ್ ಮೋಡ್‌ಗೆ ತಾನಾಗಿ ಹೊರಳುತ್ತದೆ.

ಆಕ್ಸ್, ವೇವ್ ತರದ ಸ್ವಯಂಚಾಲಿತ ಸುಗಮ್ಯತಾ ಪರೀಕ್ಷೆಯ ಸಾಧನ ಓಡಿಸಿ "ತಪ್ಪು ಸೊನ್ನೆ" ಬಂದ ಮಾತ್ರಕ್ಕೆ ಮುಗಿಯಿತು ಎಂದುಕೊಳ್ಳಬೇಡಿ. ಗ್ರಾಫ್‌ಗೆ "ಚಾರ್ಟ್" ಎಂಬ ಒಂದೇ ಪದದ ಪರ್ಯಾಯ ಪಠ್ಯ ಕೊಟ್ಟರೂ ಅವು ಪಾಸು ಮಾಡುತ್ತವೆ.

---

ಶ್ರುತಿಪೆಟ್ಟಿಗೆ

ಧ್ವನಿಯ ಗ್ರಾಫ್ ಯಾಕೆ ಬಿಟ್ಟಿರಿ? ಹೈಚಾರ್ಟ್ಸ್ ಎಂಬ ಗ್ರಾಫ್ ಲೈಬ್ರರಿಯಲ್ಲಿ ಸೋನಿಫಿಕೇಶನ್ (ಅಂಕಿಯನ್ನು ಸ್ವರವಾಗಿಸುವುದು) ಸಿದ್ಧವಾಗಿದೆ, ಐಒಎಸ್ 15ರಿಂದ ಆಪಲ್‌ನ ಆಡಿಯೋ ಗ್ರಾಫ್ ಕೂಡ ಇದೆ. 40ರಿಂದ 400ರ ವ್ಯಾಪ್ತಿಯನ್ನು 200–1200 ಹರ್ಟ್ಸ್‌ಗೆ ಲಾಗರಿತಮಿಕ್ ಆಗಿ ಹೊಂದಿಸಿ. ಒಂದು ಬಿಂದುವಿಗೆ 50 ಮಿಲಿಸೆಕೆಂಡ್ ಕೊಟ್ಟರೆ ಇಡೀ ದಿನ 14.4 ಸೆಕೆಂಡಿನಲ್ಲಿ ಕಿವಿಗೆ ಬೀಳುತ್ತದೆ. 70 ಮತ್ತು 180 ದಾಟಿದಾಗ ಬೇರೆ ನಾದದ ಒಂದು ಟಿಕ್, ಗಂಟೆಗೊಂದು ಮೆಲ್ಲನೆಯ ತಾಳ. ಸಿಗ್ನಲ್ ಹೋದ ಕಡೆ ಮೌನ ಬೇಡ, ಮೌನವನ್ನು "ಸ್ಥಿರವಾಗಿದೆ" ಎಂದು ಕೇಳಿಸಿಕೊಳ್ಳುತ್ತಾರೆ. ತೆಳು ಗರಗರ ಸದ್ದು ಹಾಕಿ. ಸೆನ್ಸರ್ ಬೆಚ್ಚಗಾಗುವ ಹೊತ್ತಿಗೂ ಅದೇ ಸದ್ದು: ಡೆಕ್ಸ್‌ಕಾಮ್ ಜಿ7ರಲ್ಲಿ ಸುಮಾರು ಅರ್ಧ ಗಂಟೆ, ಜಿ6ರಲ್ಲಿ ಎರಡು ಗಂಟೆ, ಲಿಬ್ರೆಯಲ್ಲಿ ಒಂದು ಗಂಟೆ.

---

ಟ್ಯಾಬ್‌ಇಂಡೆಕ್ಸ್

ಬಿಡಲಿಲ್ಲ, ಕೊನೆಗಿಟ್ಟೆ. ಆಕಾರ ಹಿಡಿಯಲು ಧ್ವನಿ ಒಳ್ಳೆಯದು: ಬೆಳಗಿನ ಏರಿಕೆ, ಊಟದ ನಂತರದ ಶಿಖರ ಒಮ್ಮೆಗೇ ತಿಳಿಯುತ್ತದೆ. ನಿಖರ ಅಂಕಿಗೆ ಆಗದು, 65ಕ್ಕೂ 72ಕ್ಕೂ ಇರುವ ಸ್ವರದ ಅಂತರದ ಮೇಲೆ ಯಾರೂ ನಿರ್ಧಾರ ಮಾಡಬಾರದು. ವಯಸ್ಸಾದವರಲ್ಲಿ ಕಿವಿಯೂ ಮಂದವಾಗಿರುತ್ತದೆ, 1200ರ ಮೇಲಕ್ಕೆ ಎಳೆಯಲೇಬೇಡಿ. ಸ್ಕ್ರೀನ್ ರೀಡರ್ ಮಾತಿನ ಮೇಲೆ ಸ್ವರ ಬಿದ್ದರೆ ಎರಡೂ ಹೋಯಿತು, ಆದ್ದರಿಂದ ಬಟನ್ ಒತ್ತಿದಾಗ ಮಾತ್ರ ನುಡಿಯಲಿ, ಎಸ್ಕೇಪ್ ಒತ್ತಿದರೆ ನಿಲ್ಲಲಿ. ಹಿಂದೆ ಏನಾಗಿದೆ ನೋಡಬೇಕೆಂದರೆ ಟಿ.ವಿ. ರಾಮನ್ ಅವರ 1994ರ ಕಾರ್ನೆಲ್ ಪ್ರಬಂಧದಿಂದ ಶುರು ಮಾಡಿ: ಗಣಿತದ ಪಠ್ಯವನ್ನು ಅಕ್ಷರ ಅಕ್ಷರ ಒದರದೆ ಅದರ ರಚನೆಯನ್ನೇ ಧ್ವನಿಯಾಗಿಸುವ ಕೆಲಸ.

---

ದಶಾಂಶಬಿಂದು

ಗ್ರಾಫ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಪ್ರಾಣಕ್ಕೆ ಕುತ್ತು ತರುವುದು ಅಂಕಿ ತುಂಬುವ ಪೆಟ್ಟಿಗೆ. ಸುಗಮ್ಯತೆಯೂ ಸುರಕ್ಷತೆಯೂ ಒಂದೇ ಆಗುವ ಜಾಗ ಅದು.

2015ರಲ್ಲಿ ಇನ್ಸುಲಿನ್ ಡೋಸ್ ಲೆಕ್ಕ ಹಾಕುವ 46 ಆ್ಯಪ್‌ಗಳನ್ನು ಪರಿಶೀಲಿಸಿದ ಅಧ್ಯಯನ ಒಂದು ಪ್ರಕಟವಾಯಿತು. 42 ಆ್ಯಪ್‌ಗಳಲ್ಲಿ ತುಂಬಿದ ಅಂಕಿ ಸರಿಯೇ ಎಂದು ನೋಡುವ ವ್ಯವಸ್ಥೆಯೇ ಸರಿಯಾಗಿರಲಿಲ್ಲ. 31ರಲ್ಲಿ ತಪ್ಪು ಡೋಸ್ ಹೇಳುವ ಅಪಾಯವಿತ್ತು. ಸ್ವಾನ್ಸಿಯ ಹೆರಾಲ್ಡ್ ಥಿಂಬಲ್ಬಿ ಮತ್ತಿತರರು ವೈದ್ಯಕೀಯ ಉಪಕರಣಗಳಲ್ಲಿ ಅಂಕಿ ಒತ್ತುವಾಗಿನ ತಪ್ಪುಗಳ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ಹುಡುಕಿ ಓದಿ.

ಲೆಕ್ಕ ಸರಳ: ಕಾರ್ಬ್ ಗ್ರಾಂ ಭಾಗಿಸು ಕಾರ್ಬ್ ಅನುಪಾತ (ಒಂದು ಯೂನಿಟ್ ಇನ್ಸುಲಿನ್‌ಗೆ ಎಷ್ಟು ಗ್ರಾಂ), ಜೊತೆಗೆ ಈಗಿನ ಅಂಕಿಯಿಂದ ಗುರಿ ಕಳೆದು ಭಾಗಿಸು ಸಂವೇದನಾ ಅಂಶ (ಒಂದು ಯೂನಿಟ್ ಎಷ್ಟು ಎಂಜಿ/ಡಿಎಲ್ ಇಳಿಸುತ್ತದೆ), ಅದರಿಂದ ದೇಹದಲ್ಲಿ ಇನ್ನೂ ಕೆಲಸ ಮಾಡುತ್ತಿರುವ ಇನ್ಸುಲಿನ್ ಕಳೆ. 60 ಗ್ರಾಂ, ಅನುಪಾತ 10, ಅಂಕಿ 220, ಗುರಿ 120, ಅಂಶ 50, ಉಳಿದದ್ದು 1.5 ಎಂದಾದರೆ 6 ಕೂಡಿಸು 2 ಕಳೆ 1.5, ಅಂದರೆ 6.5 ಯೂನಿಟ್. ಇದು ಲೆಕ್ಕದ ಮಾದರಿ ಮಾತ್ರ, ಯಾರ ಡೋಸೂ ಅಲ್ಲ. ಕೊನೆಯ ಪೆಟ್ಟಿಗೆ ಖಾಲಿ ಬಿಟ್ಟಾಗ ತಂತ್ರಾಂಶ ಅದನ್ನು ಸೊನ್ನೆ ಎಂದುಕೊಂಡರೆ 8 ಯೂನಿಟ್. 60ರ ಬದಲು 600 ಬಿದ್ದರೆ 60.5 ಯೂನಿಟ್. ಕಣ್ಣಿರುವವರು ಪರದೆ ನೋಡಿ ತಪ್ಪು ಹಿಡಿಯಬಹುದು. ಸ್ಕ್ರೀನ್ ರೀಡರ್ ಕೀ ಎಕೋ (ಒತ್ತಿದ ಕೀ ಓದಿ ಹೇಳುವುದು) ಬಂದ್ ಇಟ್ಟುಕೊಂಡವರಿಗೆ ಆ ಹೆಚ್ಚುವರಿ ಸೊನ್ನೆ ಕೇಳಿಸುವುದೇ ಇಲ್ಲ.

ಹೀಗೆ ಮಾಡಿ. ನಂಬರ್ ಟೈಪ್ ಇನ್‌ಪುಟ್ ಬೇಡ. ಫೋಕಸ್ ಇದ್ದಾಗ ಮೇಲ್–ಕೆಳ ಬಾಣ ಅಥವಾ ಮೌಸ್ ಚಕ್ರ ತಗುಲಿ ಅಂಕಿ ಬದಲಾಗುತ್ತದೆ. ಟೆಕ್ಸ್ಟ್ ಟೈಪ್, ಇನ್‌ಪುಟ್‌ಮೋಡ್ ಡೆಸಿಮಲ್. ಘಟಕ ಲೇಬಲ್‌ನಲ್ಲೇ ಇರಲಿ, ಪ್ಲೇಸ್‌ಹೋಲ್ಡರ್‌ನಲ್ಲಿ ಅಲ್ಲ. ಅಂಕಿ ನೋಡಿ ಘಟಕ ಊಹಿಸಬೇಡಿ: 5.6 ಎಂದರೆ ಎಂಎಂಒಎಲ್/ಎಲ್ ಎಂದು ಸುಲಭವಾಗಿ ಹೇಳಬಹುದು, ಆದರೆ 25 ಎಂಬುದು ಎಂಜಿ/ಡಿಎಲ್‌ನಲ್ಲಿ ಭೀಕರ ಹೈಪೋ, ಎಂಎಂಒಎಲ್‌ನಲ್ಲಿ ಸುಮಾರು 450. ಖಾಲಿ ಪೆಟ್ಟಿಗೆ ಸೊನ್ನೆ ಅಲ್ಲ, ತಪ್ಪು. ಫಲಿತಾಂಶದ ಮೊದಲು ತುಂಬಿದ್ದೆಲ್ಲವನ್ನೂ ಒಂದು ವಾಕ್ಯದಲ್ಲಿ ಓದಿಸಿ ಒಪ್ಪಿಗೆ ಕೇಳಿ. ತಪ್ಪಿನ ಸಂದೇಶ ಆಯಾ ಪೆಟ್ಟಿಗೆಗೇ ಕಟ್ಟಿರಲಿ, ಫೋಕಸ್ ಅಲ್ಲಿಗೇ ಹೋಗಲಿ.

ಕನ್ನಡದ್ದೇ ಒಂದು ಬಗ್ ಇದೆ. ಕನ್ನಡ ಕೀಬೋರ್ಡಿನಲ್ಲಿ ಕೆಲವರು ೧೪೨ ಎಂದೇ ಒತ್ತುತ್ತಾರೆ. ಜಾವಾಸ್ಕ್ರಿಪ್ಟ್‌ಗೆ ಅದು ಅಂಕಿಯೇ ಅಲ್ಲ, ಎನ್‌ಎಎನ್ ಬರುತ್ತದೆ. ಅದನ್ನು ನೋಡದೆ ಬಿಟ್ಟರೆ ಮೌನವಾಗಿ ಸೊನ್ನೆಯಾಗಿಬಿಡುವ ಕೋಡ್ ಎಷ್ಟೋ ಇದೆ. ಯುನಿಕೋಡ್‌ನ 0ಸಿಇ6ರಿಂದ 0ಸಿಇಎಫ್‌ವರೆಗಿನ ಹತ್ತು ಸಂಕೇತಗಳನ್ನು 0–9ಕ್ಕೆ ಬದಲಿಸಿಕೊಂಡು ಆಮೇಲೆ ಪರೀಕ್ಷಿಸಿ.

ಪಂಪ್ ಬಳಸುವವರಿಗಿಂತ ಪೆನ್, ಸಿರಿಂಜ್ ಬಳಸುವವರೇ ನಮ್ಮಲ್ಲಿ ಹೆಚ್ಚು ಎಂಬುದನ್ನೂ ಮರೆಯಬೇಡಿ. ಇಲ್ಲಿ ಯು-40 (ಮಿಲಿಲೀಟರಿಗೆ 40 ಯೂನಿಟ್) ವಯಲ್ ಇನ್ನೂ ಚಾಲ್ತಿಯಲ್ಲಿದೆ. ಯು-40 ಸಿರಿಂಜ್‌ಗೆ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ. ಮಂದದೃಷ್ಟಿಯಲ್ಲಿ ಈ ಎರಡು ಬಣ್ಣ ಬೇರ್ಪಡಿಸುವುದು ಕಷ್ಟ, ಯು-100 ಇನ್ಸುಲಿನ್ ಯು-40 ಸಿರಿಂಜ್‌ಗೆ ಹೋದರೆ ಎರಡೂವರೆ ಪಟ್ಟು ಡೋಸ್. ನಿಮ್ಮ ವೆಬ್ ಪುಟ "10 ಯೂನಿಟ್" ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಯಾವ ವಯಲ್, ಯಾವ ಸಿರಿಂಜ್ ಎಂದು ಕೇಳಲೇಬೇಕು.

---

ಬಿಂದುರೇಖೆ

ತುಂಬಾ ಉಪಕಾರ. ಹಾಗಾದರೆ ಪ್ರಸ್ತಾವದ ಕೇಂದ್ರ ಗ್ರಾಫ್ ಮತ್ತು ಎಚ್ಚರಿಕೆ, ಅಂದಾಜು ಅದಕ್ಕೆ ಪೂರಕ ಎಂದು ಬದಲಿಸುತ್ತೇನೆ. ಬಳಕೆದಾರರ ಪರೀಕ್ಷೆ, ಎಲ್ಲಿ ಪ್ರಕಟಿಸಬೇಕು ಎನ್ನುವುದನ್ನು ಯಾರಾದರೂ ಹೇಳುವಿರಾ?

---

ಒಪ್ಪಿಗೆಪತ್ರ

ನೈತಿಕ ಸಮಿತಿಯ ಅನುಮತಿಗೇ ತಿಂಗಳುಗಟ್ಟಲೆ ಹಿಡಿಯಬಹುದು, ಮೊದಲ ವರ್ಷವೇ ಹಾಕಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯನ್ನು ಆಧಾರವಾಗಿಟ್ಟು ಬರೆಯಿರಿ. ಒಪ್ಪಿಗೆಪತ್ರ ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಸುಗಮ್ಯತೆಯ ಸಂಶೋಧನೆಗೇ ಅವಮಾನ. ಕನ್ನಡದಲ್ಲಿ ಪಠ್ಯ, ಧ್ವನಿಮುದ್ರಿಕೆ ಎರಡೂ ಇರಲಿ. ಓದಿ ಹೇಳಿದಾಗ ತಂಡಕ್ಕೆ ಸೇರದ ಸಾಕ್ಷಿ ಒಬ್ಬರು ಇರಲಿ.

ಮೊದಲ ಸುತ್ತಿನಲ್ಲಿ ಭಾಗವಹಿಸುವವರ ಸ್ವಂತ ಅಂಕಿ ತೋರಿಸಬೇಡಿ. ಪರೀಕ್ಷೆಯ ನಡುವೆ ಯಾರಾದರೂ ಅದನ್ನು ನೋಡಿ ಡೋಸ್ ಬದಲಿಸಿದರೆ ಅಧ್ಯಯನದ ಸ್ವರೂಪವೇ ಬೇರೆಯಾಗುತ್ತದೆ. ಕೃತಕ ಡೇಟಾ ಬಳಸಿ: ಸಿಮ್‌ಗ್ಲೂಕೋಸ್ ಎಂಬ ಪೈಥಾನ್ ಪ್ಯಾಕೇಜ್‌ನಲ್ಲಿ 30 ಕಾಲ್ಪನಿಕ ರೋಗಿಗಳಿದ್ದಾರೆ, ಹತ್ತು ಮಕ್ಕಳು, ಹತ್ತು ಹದಿಹರೆಯದವರು, ಹತ್ತು ವಯಸ್ಕರು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಬದಲಿಯಾಗಿ ಅಮೆರಿಕದ ಎಫ್‌ಡಿಎ 2008ರಲ್ಲಿ ಒಪ್ಪಿದ ವರ್ಜೀನಿಯಾ–ಪಡೋವಾ ಮಾದರಿಯ ಮುಕ್ತ ಅನುಷ್ಠಾನ ಅದು.

ಎಂಟರಿಂದ ಹನ್ನೆರಡು ಜನ ಗುಣಾತ್ಮಕ ಅಧ್ಯಯನಕ್ಕೆ ಆದೀತು, ಆದರೆ ಕಣ್ಣು ಕಟ್ಟಿದ ವಿದ್ಯಾರ್ಥಿಗಳನ್ನು ಲೆಕ್ಕಕ್ಕೆ ಸೇರಿಸಬೇಡಿ, ವಿಮರ್ಶಕರು ಅಲ್ಲೇ ತಿರಸ್ಕರಿಸುತ್ತಾರೆ, ಸರಿಯಾಗಿಯೇ. ಸಕ್ಕರೆ ಕಾಯಿಲೆಯೂ ದೃಷ್ಟಿದೋಷವೂ ಇರುವವರೇ ಬೇಕು. ಕೆಲಸ ಮಾಡುತ್ತಾ ಜೋರಾಗಿ ಯೋಚಿಸಿ ಹೇಳುವ ವಿಧಾನ ಇಲ್ಲಿ ನಡೆಯದು, ಸ್ಕ್ರೀನ್ ರೀಡರ್ ಮಾತಾಡುತ್ತಿರುವಾಗ ಅವರು ಮಾತಾಡಲಾರರು. ಕೆಲಸ ಮುಗಿದ ಮೇಲೆ ಧ್ವನಿಮುದ್ರಣ ಹಾಕಿ ಕೇಳಿ. ಪರೀಕ್ಷೆ ಅವರದೇ ಫೋನಿನಲ್ಲಿ, ಅವರದೇ ಓದುವ ವೇಗದಲ್ಲಿ ನಡೆಯಲಿ. ಪರೀಕ್ಷೆಯ ಹೊತ್ತಿಗೆ ತಿಂಡಿ, ಗ್ಲೂಕೋಸ್ ಪುಡಿ ಕೈಗೆಟಕುವಲ್ಲಿರಲಿ; ಎರಡು ಗಂಟೆಯ ಅವಧಿ ಊಟದ ಸಮಯ ದಾಟದಿರಲಿ.

ಕನ್ನಡದ ಓದಿಗೆ: ಪುಟದ ಭಾಷಾ ಗುಣಲಕ್ಷಣ "ಕೆಎನ್" ಇರದಿದ್ದರೆ ಇಂಗ್ಲಿಷ್ ಧ್ವನಿ ಕನ್ನಡ ಅಕ್ಷರವನ್ನು ನುಂಗಿಬಿಡಬಹುದು. ನಡುವೆ ಇಂಗ್ಲಿಷ್ ಪದ ಬಂದರೆ ಅಷ್ಟಕ್ಕೇ ಬೇರೆ ಗುರುತು. ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಎನ್‌ಜಿಯ ಕನ್ನಡ, ಗೂಗಲ್ ಟಿಟಿಎಸ್ ಕನ್ನಡ ಧ್ವನಿ ಎರಡರಲ್ಲೂ ಕೇಳಿ ನೋಡಿ. "ಎಂಜಿ/ಡಿಎಲ್"ನ ಓರೆಗೆರೆಯನ್ನು ಒಂದು ಓದುತ್ತದೆ, ಇನ್ನೊಂದು ಬಿಡುತ್ತದೆ. ಮೊದಲ ಸಲ ಪೂರ್ತಿ ಬರೆದು ಆಮೇಲೆ ಅಂಕಿ ಮಾತ್ರ ಓದಿಸಿ.

ಪ್ರಕಟಣೆಗೆ ಸುಗಮ್ಯತೆಯ ಕಡೆ ಅಸೆಟ್ಸ್, ವೆಬ್ ಫಾರ್ ಆಲ್ ಸಮ್ಮೇಳನ, ಟಾಕ್ಸೆಸ್ ನಿಯತಕಾಲಿಕೆ. ಮಧುಮೇಹದ ಕಡೆ ಜರ್ನಲ್ ಆಫ್ ಡಯಾಬಿಟಿಸ್ ಸೈನ್ಸ್ ಅಂಡ್ ಟೆಕ್ನಾಲಜಿ. ಬೆಂಗಳೂರಿನ ಐಐಐಟಿಯಲ್ಲಿ ಸುಗಮ್ಯತೆಗೂ ಇ-ಹೆಲ್ತ್‌ಗೂ ಬೇರೆ ಬೇರೆ ಕೇಂದ್ರಗಳಿವೆ, ಇಬ್ಬರ ಮಾರ್ಗದರ್ಶನ ಕೇಳುವುದಾದರೆ ಅಂಥ ಕಡೆ ಸಲೀಸು. ಪ್ರಸ್ತಾವದ ಪೀಠಿಕೆಗೆ ಕಾನೂನಿನ ಆಧಾರ ಬೇಕೆಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಭಾರತದ ಸುಗಮ್ಯತಾ ಮಾನಕ ಐಎಸ್ 17802, ಡಿಜಿಟಲ್ ಪ್ರವೇಶವನ್ನು ಸಂವಿಧಾನದ 21ನೇ ವಿಧಿಯ ಭಾಗವೆಂದ ಸುಪ್ರೀಂ ಕೋರ್ಟಿನ 2025ರ ಏಪ್ರಿಲ್ ತೀರ್ಪು.

ಎರಡು ಕ್ಷೇತ್ರ ಎಂಬ ಆಕ್ಷೇಪಕ್ಕೆ ಒಂದು ಮಾತು. ಓಹಾಯೋ ಡೇಟಾದ ಹಿಂದಿರುವ ಸಿಂಡಿ ಮಾರ್ಲಿಂಗ್ ಶುರು ಮಾಡಿದ್ದು ಹಳೆಯ ಪ್ರಕರಣಗಳನ್ನು ಹೋಲಿಸಿ ಸಲಹೆ ಕೊಡುವ ಕೇಸ್-ಬೇಸ್ಡ್ ರೀಸನಿಂಗ್‌ನಿಂದ, ಅದೂ ಮಧುಮೇಹ ತಜ್ಞ ವೈದ್ಯರ ಜೊತೆ ಕೂತು. ಅಂದಾಜಿನ ಮಾದರಿಗಳು, ಹಂಚಿದ ಡೇಟಾ ಎಲ್ಲ ಆಮೇಲೆ ಬಂದವು. ನಿಮಗೂ ವೈದ್ಯರೊಬ್ಬರು ಸಹ-ಮಾರ್ಗದರ್ಶಕರಾಗಿ ಬೇಕೇ ಬೇಕು. ರೋಗಿಗಳು ಸಿಗುವುದಕ್ಕೆ ಮಾತ್ರವಲ್ಲ, 54ಕ್ಕೆ ಕೂಗಬೇಕೇ 60ಕ್ಕೇ ಕೂಗಬೇಕೇ ಎಂದು ತೀರ್ಮಾನಿಸುವುದಕ್ಕೆ.

---

ಬಿಂದುರೇಖೆ

ಕೊನೆಯದೊಂದು. ಸ್ಲೈಡರ್ ರೋಲ್ ಕೊಟ್ಟ ಗ್ರಾಫ್ ಲ್ಯಾಪ್‌ಟಾಪ್‌ನಲ್ಲಿ ಸರಿ ಓದುತ್ತಿದೆ, ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್‌ನಲ್ಲಿ ಸ್ವೈಪ್ ಮಾಡಿದರೆ ಅಂಕಿ ಕದಲುತ್ತಿಲ್ಲ.

---

ಟ್ಯಾಬ್‌ಇಂಡೆಕ್ಸ್

ಕೈಯಿಂದ ಕಟ್ಟಿದ ಸ್ಲೈಡರ್‌ಗೆ ಕೀಬೋರ್ಡ್ ಘಟನೆ ಮಾತ್ರ ಗೊತ್ತು. ಟಚ್ ಸ್ಕ್ರೀನ್ ರೀಡರ್ ಕಳಿಸುವ "ಹೆಚ್ಚಿಸು–ಕಡಿಮೆ ಮಾಡು" ಆದೇಶ ಅದಕ್ಕೆ ತಲುಪದೆ ಹೋಗುತ್ತದೆ. ಎಸ್‌ವಿಜಿಯನ್ನು ಸ್ಕ್ರೀನ್ ರೀಡರ್‌ನಿಂದ ಮರೆಮಾಡಿ, ಅದರ ಕೆಳಗೆ ಎಚ್‌ಟಿಎಂಎಲ್‌ನ ಅಸಲಿ ರೇಂಜ್ ಇನ್‌ಪುಟ್ ಇಡಿ: ಕನಿಷ್ಠ 0, ಗರಿಷ್ಠ 287, ಹೆಜ್ಜೆ 1. ವ್ಯಾಲ್ಯೂಟೆಕ್ಸ್ಟ್ ಅದಕ್ಕೇ ತುಂಬಿ. ಅದರ ಪಕ್ಕದಲ್ಲಿ "ಹಿಂದಿನ ಅಂಕಿ", "ಮುಂದಿನ ಅಂಕಿ", "ಮುಂದಿನ ಹೈಪೋ" ಎಂಬ ಮೂರು ಬಟನ್ ಕೊಡಿ. ಒಂದು ಸ್ವೈಪ್‌ಗೆ ಎಷ್ಟು ಹೆಜ್ಜೆ ಹಾರಬೇಕೆಂದು ಟಾಕ್‌ಬ್ಯಾಕ್ ತನ್ನದೇ ಲೆಕ್ಕ ಹಾಕಿದರೂ ಬಟನ್ ಒತ್ತಿದರೆ ಐದೇ ನಿಮಿಷ ಸರಿಯುತ್ತದೆ. ಬಟನ್‌ಗಳು ಕನಿಷ್ಠ 24 ಪಿಕ್ಸೆಲ್ ಎಂದು ಡಬ್ಲ್ಯುಸಿಎಜಿ 2.2 ಹೇಳುತ್ತದೆ. ನಡುಗುವ ಕೈಗೆ ಅದು ಸಾಲದು, 48 ಇಡಿ.